ನಾರುಹುಣ್ಣಿನ ನಿರ್ಮೂಲನ

ರೋಗವನ್ನು ಗೆಲ್ಲಲು ಔಷಧಿ ಬೇಕು, ಇಲ್ಲವೆ ಲಸಿಕೆ ಬೇಕು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಇವೆರಡೂ ಇಲ್ಲದೆ, ಮುಖ್ಯವಾಗಿ ಕುಡಿಯುವ ನೀರನ್ನು ಕಾಪಾಡಿಕೊಂಡದ್ದರಿಂದಲೇ ಅಳಿವಿನ ಅಂಚನ್ನು ತಲಪಿರುವ ರೋಗವೊಂದುಂಟು. ಅದೇ ನಾರುಹುಣ್ಣು. ಏಷ್ಯ ಮತ್ತು ಆಫ್ರಿಕ ಖಂಡಗಳ ಬಡಜನರನ್ನು ಬಹು ಹಿಂದಿನಿಂದ ಕಾಡುತ್ತಿದ್ದ ಈ ರೋಗವು 1986ರಲ್ಲಿ ಸುಮಾರು 35 ಲಕ್ಷ ಜನರನ್ನು ಪೀಡಿಸುತ್ತಿತ್ತೆಂದು ಅಂದಾಜು ಮಾಡಲಾಗಿದೆ.

ರೋಗಕ್ಕೆ ಕಾರಣ ನೂಲಿನೆಳೆಯಂತಹ ಒಂದು ಹುಳು. ಇದರ ಮರಿಗಳನ್ನು ಕೆರೆಕುಂಟೆಗಳ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜೀವಿಗಳು ನುಂಗುತ್ತವೆ. ಆ ನೀರನ್ನು ಸೋಸದೆ ಕುಡಿದವರ ಉದರವನ್ನು ಸೇರಿದ ಮರಿಗಳು ದೇಹದೊಳಕ್ಕೆ ನುಸುಳಿ ಬೆಳೆಯುತ್ತವೆ. ಸುಮಾರು ಒಂದು ವರ್ಷದ ತರುವಾಯ, ಮೀಟರಿನಷ್ಟು ಉದ್ದ ಬೆಳೆಯಬಲ್ಲ ಹೆಣ್ಣುಹುಳು, ಹೆಚ್ಚಾಗಿ ಕಾಲಿನಲ್ಲಿ, ಬೊಕ್ಕೆಯೆಬ್ಬಿಸಿ ಹೊರಬರತೊಡಗುತ್ತದೆ. ಉರಿಯನ್ನು ತಾಳಲಾರದೆ ರೋಗಿಯು ಕಾಲನ್ನು ನೀರಿನಲ್ಲಿ ಇಳಿಬಿಡುತ್ತಾನೆ. ಆಗ ಹುಳುವು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತದೆ. ಒಬ್ಬನ ನೋವನ್ನು ತಣಿಸಿದ ನೀರೇ ಊರಿಗೆಲ್ಲ ನೋವನ್ನು ಹಂಚುತ್ತದೆ.

ಹುಳುವನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಕೆಲವೇ ಸೆಂಟಿಮೀಟರಿನಂತೆ ಎಳೆಯಬೇಕು. ಅವಸರಪಟ್ಟರೆ ಅದು ತುಂಡಾಗಿ ಹುಣ್ಣು ಕೀವುಗಟ್ಟುತ್ತದೆ. ಈ ರೋಗದಿಂದ ಸಾಯುವವರು ವಿರಳ. ಆದರೆ ಬಿತ್ತನೆಯ ಅಥವಾ ಕೊಯ್ಲಿನ ಕಾಲದಲ್ಲಿ ರೈತನು ವಾರಗಟ್ಟಲೆ ಹಾಸಿಗೆ ಹಿಡಿದರೆ ಆ ವರ್ಷ ಮನೆಯ ಕಣಜ ತುಂಬುವುದಿಲ್ಲ. ಮಕ್ಕಳು ಶಾಲೆ ಬಿಟ್ಟು ಹೊಲಕ್ಕೆ ಹೋಗಬೇಕಾಗುತ್ತದೆ.

ಭಾರತದಲ್ಲಿ ರಾಜಸ್ಥಾನ, ಕರ್ನಾಟಕ ಮೊದಲಾದ ರಾಜ್ಯಗಳ ಮೆಟ್ಟಿಲುಬಾವಿಗಳು ಈ ರೋಗದ ನೆಲೆಗಳಾಗಿದ್ದವು. ಕೊಡ ಮುಳುಗಿಸುವವರು ನೀರಿಗೇ ಇಳಿಯುತ್ತಿದ್ದರು. ಕಾಲು ತೊಳೆದ ನೀರೇ ಕೊಡವನ್ನು ಸೇರುತ್ತಿತ್ತು. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕೊಳವೆಬಾವಿಗಳನ್ನು ಕೊರೆಯಲಾಯಿತು, ಮೆಟ್ಟಿಲುಬಾವಿಗಳನ್ನು ಮಾರ್ಪಡಿಸಲಾಯಿತು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಜನರಿಗೆ ತಿಳಿಹೇಳಲಾಯಿತು. ದೇಶದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವೆಂದು ಘೋಷಿಸಿತು.

ಆಫ್ರಿಕದಲ್ಲಿ ಈ ಕಾರ್ಯವು ಇನ್ನೂ ಕಠಿಣವಾಗಿತ್ತು. ಸುಡಾನಿನ ಅಂತರ್ಯುದ್ಧದ ನಡುವೆ, 1995ರಲ್ಲಿ, ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಎರಡೂ ಪಕ್ಷಗಳನ್ನು ಒಪ್ಪಿಸಿ ಕೆಲವು ತಿಂಗಳು ಕದನವಿರಾಮ ಏರ್ಪಡಿಸಿದರು. ಬಂದೂಕುಗಳು ಮೌನವಾಗಿದ್ದ ಆ ಅವಧಿಯಲ್ಲಿ ಆರೋಗ್ಯ ಕಾರ್ಯಕರ್ತರು ಹಳ್ಳಿಗಳಿಗೆ ಸೋಸುವ ಬಟ್ಟೆಗಳನ್ನು ಹೊತ್ತೊಯ್ದರು. ಇಂತಹ ಪ್ರಯತ್ನಗಳ ಫಲವಾಗಿ 2023ರಲ್ಲಿ ಇಡೀ ಜಗತ್ತಿನಲ್ಲಿ ದಾಖಲಾದ ರೋಗಿಗಳು ಕೇವಲ 14 ಮಂದಿ.

ಆದರೂ ಕಾರ್ಯ ಪೂರ್ಣವಾಗಿಲ್ಲ. ಚಾಡ್ ಮೊದಲಾದ ದೇಶಗಳಲ್ಲಿ ನಾಯಿಗಳಿಗೂ ಈ ಹುಳು ತಗಲುತ್ತಿರುವುದು ಹೊಸ ತೊಡಕಾಗಿದೆ. ಸೋಂಕು ತಗಲಿದ ಒಂದು ನಾಯಿ ಕೊಳಕ್ಕಿಳಿದರೂ ಸಾಕು, ವರ್ಷಗಳ ಶ್ರಮ ವ್ಯರ್ಥವಾಗಬಹುದು. ಆದುದರಿಂದ ನೀರಿನ ಕಾವಲು ಕೊನೆಯ ಹುಳು ಅಳಿಯುವವರೆಗೂ ನಡೆಯಬೇಕು. ಆ ಕಾವಲಿನ ಹೊಣೆ ಸರ್ಕಾರದ್ದು ಮಾತ್ರವಲ್ಲ, ಆ ನೀರನ್ನು ಕುಡಿಯುವ ಪ್ರತಿಯೊಬ್ಬರದೂ ಆಗಿದೆ.