ಸಿಲ್ಕ್ ಬೋರ್ಡಿನ ಭಯ, ದೇವನಹಳ್ಳಿಯ ತೋಟ

ಮಡಿವಾಳದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ನಲವತ್ತು ಕಿಲೋಮೀಟರ್ ಮೇಲಾಗುತ್ತದೆ. ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿ ನೋಡಿ, ಈ ಕಡೆಯವರು ಯಾರೂ ಒಂದೇ ಅಂಕಿ ಹೇಳುವುದಿಲ್ಲ. ನಸುಕಿನಲ್ಲಿ ಹೊರಟರೆ ಒಂದೂಕಾಲು ಗಂಟೆ, ಸಂಜೆ ಆಫೀಸು ಬಿಡುವ ಹೊತ್ತಿಗೆ ಹೊರಟರೆ ದೇವರೇ ಗತಿ ಎನ್ನುತ್ತಾರೆ. 2008ರವರೆಗೆ ಈ ಪ್ರಶ್ನೆಯೇ ಇರಲಿಲ್ಲ. ಎಚ್‌ಎಎಲ್ ವಿಮಾನ ನಿಲ್ದಾಣ ಹತ್ತಿರದಲ್ಲೇ ಇತ್ತು. ಕೋರಮಂಗಲ ದಾಟಿ ದೊಮ್ಮಲೂರಿನ ಕಡೆ ತಿರುಗಿದರೆ ಮುಗಿಯಿತು. ಆ ವರ್ಷದ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಬಾಗಿಲು ತೆರೆಯಿತು, ನಿಗದಿತ ಪ್ರಯಾಣಿಕ ವಿಮಾನಗಳೆಲ್ಲ ಅಲ್ಲಿಗೆ ಹೋದವು. ದಕ್ಷಿಣ ಬೆಂಗಳೂರಿನವರ ಪಾಲಿಗೆ ಹೈದರಾಬಾದಿಗೆ ಹಾರುವುದಕ್ಕಿಂತ ವಿಮಾನ ಹತ್ತಲು ಹೋಗುವುದೇ ದೊಡ್ಡ ಪ್ರಯಾಣವಾಯಿತು.

ಈ ರಸ್ತೆಗೂ ಆ ಕಟ್ಟಡಕ್ಕೂ ಒಂದು ಗಣಿತದ ನಂಟಿದೆ. ವಿಮಾನ ಹಿಡಿಯುವವರು ಯಾರೂ ಸರಾಸರಿಯನ್ನು ನಂಬಿ ಮನೆ ಬಿಡುವುದಿಲ್ಲ. ದಾರಿಗೆ ಸರಾಸರಿ ಒಂದೂವರೆ ಗಂಟೆ ಎಂದಿಟ್ಟುಕೊಳ್ಳೋಣ. ಅಪರೂಪಕ್ಕೊಮ್ಮೆ ಅದು ಎರಡೂವರೆ ಆಗುವುದಾದರೆ, ಆ ಅಪರೂಪ ನಮ್ಮ ಪಾಲಿಗೇ ಬಂದೀತು ಎಂಬ ಭಯದಲ್ಲಿ ಎರಡೂವರೆಯ ಲೆಕ್ಕ ಹಿಡಿದೇ ಹೊರಡುತ್ತೇವೆ. ಸಿಲ್ಕ್ ಬೋರ್ಡ್, ಮಾರತ್ತಹಳ್ಳಿ, ಕೆ.ಆರ್. ಪುರ, ಹೆಬ್ಬಾಳ ಒಂದೊಂದೂ ತನ್ನ ಪಾಲಿನ ಏರಿಳಿತವನ್ನು ಸೇರಿಸುತ್ತದೆ. ದೂರ ನಮ್ಮನ್ನು ಅಷ್ಟಾಗಿ ಕಾಡುವುದಿಲ್ಲ, ಕಾಡುವುದು ಈ ಏರಿಳಿತ. ದಾರಿ ಸಲೀಸಾದ ದಿನ ಒಂದು ಗಂಟೆ ಮಿಕ್ಕುತ್ತದೆ. ಮಿಕ್ಕ ಆ ಗಂಟೆ ಹೋಗುವುದು ಟರ್ಮಿನಲ್ಲಿನ ಒಳಕ್ಕೆ.

ಜಾನ್ ಲಿಟಲ್ ಎಂಬ ಅಮೆರಿಕದ ಸಂಶೋಧಕ 1961ರಲ್ಲಿ ಒಂದು ಸೂತ್ರವನ್ನು ಸಾಧಿಸಿ ತೋರಿಸಿದರು. ಒಂದು ಜಾಗದಲ್ಲಿ ಸರಾಸರಿ ಎಷ್ಟು ಜನ ಇರುತ್ತಾರೆ ಎಂದು ತಿಳಿಯಲು, ಗಂಟೆಗೆ ಎಷ್ಟು ಜನ ಬರುತ್ತಾರೋ ಅದನ್ನು ಒಬ್ಬೊಬ್ಬರು ಎಷ್ಟು ಗಂಟೆ ಉಳಿಯುತ್ತಾರೋ ಅದರಿಂದ ಗುಣಿಸಿದರೆ ಸಾಕು. ಇಷ್ಟು ಸರಳ ಮಾತಿಗೆ ಸಿದ್ಧಾಂತವೇಕೆ ಅನ್ನಿಸಬಹುದು. ಜನ ಗುಂಪಾಗಿ ಬರಲಿ, ಒಬ್ಬೊಬ್ಬರಾಗಿ ಬರಲಿ, ಸಾಲು ಯಾವ ಕ್ರಮದಲ್ಲಾದರೂ ಕರಗಲಿ, ಲೆಕ್ಕ ಕೆಡುವುದಿಲ್ಲ ಎಂದು ತೋರಿಸಿದ್ದು ಅವರ ಹೆಚ್ಚುಗಾರಿಕೆ. ಈಗ ಇದನ್ನು ನಮ್ಮ ಭಯಕ್ಕೆ ಹಚ್ಚಿ ನೋಡಿ. ಗಂಟೆಗೆ 3,000 ಜನ ಹೊರಡುವ ಟರ್ಮಿನಲ್ ಇದೆ ಎನ್ನೋಣ. ಪ್ರತಿಯೊಬ್ಬರೂ ಟ್ರಾಫಿಕ್ಕಿಗೆ ಹೆದರಿ ಒಂದು ಗಂಟೆ ಮುಂಚೆ ಬಂದರೆ, ಯಾವ ಕ್ಷಣದಲ್ಲಿ ನೋಡಿದರೂ ಒಳಗೆ 3,000 ಜನ ಹೆಚ್ಚಿಗೆ ಇರುತ್ತಾರೆ. ತಲೆಗೆ ಸುಮಾರು 2 ಚದರ ಮೀಟರ್ ಜಾಗ ಕೊಟ್ಟರೂ 6,000 ಚದರ ಮೀಟರ್ ನೆಲ ಬೇಕು. ಹೆಬ್ಬಾಳದ ಫ್ಲೈಓವರ್ ಮೇಲೆ ಕಾರು ನಿಂತದ್ದಕ್ಕೆ ದೇವನಹಳ್ಳಿಯಲ್ಲಿ ಗ್ರಾನೈಟ್ ಹಾಸಬೇಕಾಗುತ್ತದೆ.

ಸಾಲುಗಳ ಗಣಿತ ಹುಟ್ಟಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಡೆನ್ಮಾರ್ಕಿನ ಎ.ಕೆ. ಎರ್ಲಾಂಗ್ 1909ರಲ್ಲಿ ಕೋಪನ್‌ಹೇಗನ್ನಿನ ಕರೆಗಳ ಬಗ್ಗೆ ಬರೆದ ಪ್ರಬಂಧವೇ ಅದರ ಬೇರು. ಆ ಬೇರಿನಿಂದ ಬೆಳೆದ ಒಂದು ಫಲಿತಾಂಶ ಪ್ರತಿಯೊಬ್ಬ ಪ್ರಯಾಣಿಕನಿಗೂ ಗೊತ್ತಿರಬೇಕಾದದ್ದು. ಒಂದು ಕೌಂಟರ್ ತನ್ನ ಸಾಮರ್ಥ್ಯದ ಅರ್ಧದಷ್ಟು ಮಾತ್ರ ದುಡಿಯುತ್ತಿದ್ದರೆ ಅಲ್ಲಿ ಸರಾಸರಿ ಒಬ್ಬನಿರುತ್ತಾನೆ. ಶೇಕಡ 80ಕ್ಕೆ ಏರಿದರೆ 4 ಜನ, 90ಕ್ಕೆ 9, 95ಕ್ಕೆ 19. ಕೊನೆಯ ಐದೇ ಅಂಶದ ಏರಿಕೆ ಸಾಲನ್ನು ದುಪ್ಪಟ್ಟು ಮೀರಿಸಿತು. ಬೆಳಗಿನ ಜಾವ ಸೆಕ್ಯುರಿಟಿ ಸಾಲು ಹತ್ತೇ ನಿಮಿಷದಲ್ಲಿ ಬಾಗಿಲವರೆಗೆ ಬೆಳೆಯುವುದು, ಅರ್ಧ ಗಂಟೆ ಕಳೆದು ನೋಡಿದರೆ ಅಲ್ಲಿ ನರಪಿಳ್ಳೆಯೂ ಇಲ್ಲದಿರುವುದು ಇದೇ ಕಾರಣಕ್ಕೆ. ಸಿಬ್ಬಂದಿ ನಿಧಾನ ಎಂದು ಗೊಣಗುತ್ತೇವೆ; ಅವರ ಕೈ ಓಡುವ ವೇಗ ಎರಡೂ ಹೊತ್ತು ಒಂದೇ ಇರುತ್ತದೆ.

ಅದಕ್ಕೇ ಈಗ ಕೌಂಟರಿಗೊಂದು ಸಾಲಿನ ಬದಲು ಪಟ್ಟಿ ಕಟ್ಟಿ, ಹಾವಿನಂತೆ ಸುತ್ತಿಸಿ, ಎಲ್ಲರಿಗೂ ಒಂದೇ ಸಾಲು ಮಾಡಿ ತುದಿಯಲ್ಲಿ ಖಾಲಿಯಾದ ಕೌಂಟರಿಗೆ ಕಳಿಸುತ್ತಾರೆ. ನಮ್ಮ ಸಾಲಿನ ಮುಂದೆ ಚೀಲದಿಂದ ಕೊಬ್ಬರಿ ಎಣ್ಣೆ ಬಾಟಲಿ ತೆಗೆಸಿಕೊಳ್ಳುತ್ತಿರುವ ಅಜ್ಜಿಯ ದೆಸೆಯಿಂದ ನಾವು ಮಾತ್ರ ಹಿಂದೆ ಬೀಳುವ ಸಂಕಟ ಇಲ್ಲಿಲ್ಲ. ತಡವಾದರೆ ಆ ತಡ ಎಲ್ಲರಿಗೂ ಹಂಚಿಹೋಗುತ್ತದೆ. 2022ರ ಡಿಸೆಂಬರಿನಲ್ಲಿ ದೆಹಲಿ, ವಾರಾಣಸಿಗಳ ಜೊತೆ ಬೆಂಗಳೂರಿಗೂ ಬಂದ ಡಿಜಿಯಾತ್ರಾ, ಮುಖವನ್ನೇ ಗುರುತಿನ ಚೀಟಿ ಮಾಡಿ ಬಾಗಿಲಲ್ಲಿ ಒಬ್ಬೊಬ್ಬರಿಗೆ ಹಿಡಿಯುವ ಸೆಕೆಂಡುಗಳನ್ನು ಕಡಿಮೆ ಮಾಡಿತು. ಮೇಲಿನ ಲೆಕ್ಕದಲ್ಲಿ ಕೆಲವು ಸೆಕೆಂಡಿನ ಉಳಿತಾಯವೂ ದೊಡ್ಡದೇ.

ಇಷ್ಟೆಲ್ಲ ಮಾಡಿದರೂ ಕಾಯುವುದು ತಪ್ಪುವುದಿಲ್ಲ. ಎರಡನೇ ಟರ್ಮಿನಲ್ ಕಟ್ಟಿದವರು ಇದನ್ನು ಒಪ್ಪಿಕೊಂಡೇ ಕೈ ಹಾಕಿದಂತಿದೆ. ಅಮೆರಿಕದ ಎಸ್‌ಒಎಂ ಸಂಸ್ಥೆ ವಿನ್ಯಾಸ ಮಾಡಿದ ಈ ಕಟ್ಟಡ 2022ರ ನವೆಂಬರ್ 11ರಂದು ಉದ್ಘಾಟನೆಯಾಯಿತು. ಮೊದಲ ಹಂತದ ವಿಸ್ತೀರ್ಣ 2.55 ಲಕ್ಷ ಚದರ ಮೀಟರ್, ವರ್ಷಕ್ಕೆ ಎರಡೂವರೆ ಕೋಟಿ ಪ್ರಯಾಣಿಕರ ಸಾಮರ್ಥ್ಯ. 2023ರ ಜನವರಿ 15ರಂದು ಇಲ್ಲಿಂದ ಹಾರಿದ ಮೊದಲ ವಿಮಾನ ಕಲಬುರಗಿಗೆ ಹೋಯಿತು ಎಂಬುದು ನನಗೆ ಆ ದೊಡ್ಡ ಅಂಕಿಗಳಿಗಿಂತ ಹೆಚ್ಚು ಇಷ್ಟ.

ಒಳಗೆ ಹೋದವರು ಮೊದಲು ಕತ್ತೆತ್ತುತ್ತಾರೆ. ಮಾಡಿನ ತುಂಬ ಬಿದಿರಿನ ಪಟ್ಟಿಗಳು, ಅವುಗಳ ಸಂದಿಯಿಂದ ಸೋಸಿ ಇಳಿಯುವ ಬಿಸಿಲು, ಕಂಚಿನ ಬಣ್ಣದ ಜಾಲರಿಯಿಂದ ತೂಗುವ ಗಿಡಗಳು. ಫೋಟೊ ತೆಗೆಯುವವರ ಸಂತೆ. ಫೋಟೊದಲ್ಲಿ ಸಿಗದ ಒಂದು ಸಂಗತಿ ಕಿವಿಗೆ ಸಿಗುತ್ತದೆ: ಇಷ್ಟು ಎತ್ತರದ ಹಾಲಿನಲ್ಲೂ ಪಕ್ಕದವರ ಮಾತು ತಿಳಿಯಾಗಿ ಕೇಳುತ್ತದೆ. ಗಾಜು, ಕಲ್ಲು, ಉಕ್ಕು ಮಾತ್ರ ಇರುವ ದೊಡ್ಡ ಹಾಲಿನಲ್ಲಿ ಅನೌನ್ಸ್‌ಮೆಂಟು ಖಾಲಿ ಸ್ಟೀಲ್ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗಿರುತ್ತದೆ. ಈ ಅನುರಣನದ ಲೆಕ್ಕವನ್ನು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹಾರ್ವರ್ಡಿನ ವಾಲೆಸ್ ಸೇಬೈನ್ ಕಂಡುಹಿಡಿದರು. ಅಲ್ಲಿನ ಉಪನ್ಯಾಸದ ಹಾಲಿನಲ್ಲಿ ಮಾತು ಅರ್ಥವಾಗುತ್ತಿಲ್ಲವೆಂಬ ದೂರು ಬಂದಾಗ, ರಾತ್ರಿ ಹೊತ್ತು ಬೇರೊಂದು ರಂಗಮಂದಿರದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು, ಎಷ್ಟು ಮೆತ್ತೆಗೆ ಸದ್ದು ಎಷ್ಟು ಬೇಗ ಅಡಗುತ್ತದೆ ಎಂದು ಅಳೆದವರು ಅವರು. ಹಾಲಿನ ಗಾತ್ರ ಹೆಚ್ಚಿದಷ್ಟೂ ಸದ್ದು ಉಳಿಯುತ್ತದೆ, ಸದ್ದು ಹೀರುವ ಮೈ ಹೆಚ್ಚಿದಷ್ಟೂ ಬೇಗ ಸಾಯುತ್ತದೆ. ಒಂದು ಲಕ್ಷ ಘನ ಮೀಟರಿನ ಹಾಲಿನಲ್ಲಿ 5,000 ಚದರ ಮೀಟರಿಗೆ ಸಮನಾದ ಹೀರುವಿಕೆ ಇದ್ದರೆ ಸದ್ದು ಅಡಗಲು ಮೂರು ಸೆಕೆಂಡು ಮೇಲೆ ಬೇಕು. ಅದನ್ನು 12,000ಕ್ಕೆ ಏರಿಸಿದರೆ ಸುಮಾರು ಒಂದೂಕಾಲು ಸೆಕೆಂಡು. ಪಟ್ಟಿಗಳ ಸಂದಿಗೆ ನುಗ್ಗಿದ ಸದ್ದು ಹಿಂದಿನ ಪೊಳ್ಳಿನಲ್ಲಿ ಸುತ್ತಾಡಿ ಸೊರಗಿ ಬರುತ್ತದೆ. ಎಲೆ, ಮಣ್ಣು, ಬೆತ್ತದ ಹೊದಿಕೆ ಕೂಡ ಅಷ್ಟಿಷ್ಟು ನುಂಗುತ್ತವೆ. ಕೃತಕ ಜಲಪಾತದ ಸದ್ದಿನದು ಬೇರೆ ಉಪಾಯ. ಎಲ್ಲ ಶ್ರುತಿಗಳೂ ಬೆರೆತ ಆ ಒಂದೇ ಸಮನೆಯ ಮೊರೆತ, ದೂರದ ಟ್ರಾಲಿಯ ಕಿರುಗುಟ್ಟುವಿಕೆಯನ್ನು ಕಿವಿಯಿಂದ ಮರೆಮಾಡುತ್ತದೆ.

ಬಿದಿರು ಮರವಲ್ಲ, ಹುಲ್ಲಿನ ಜಾತಿ. ಹಸಿ ಬಿದಿರನ್ನು ಹಾಗೇ ಕಟ್ಟಿದರೆ ಕುಟ್ಟೆ ಹಿಡಿಯುತ್ತದೆ, ಬೆಂಕಿಗೂ ಸುಲಭದ ತುತ್ತು. ಹಾಗಾಗಿ ಸೀಳಿ, ಸಂಸ್ಕರಿಸಿ, ಒತ್ತಿ ಅಂಟಿಸಿದ ಬಿದಿರನ್ನು ಇಂಥ ಕಡೆ ಬಳಸುತ್ತಾರೆ.

ಚೆಕ್ ಇನ್ ಹಾಲಿಗೂ ವಿಮಾನ ಹತ್ತುವ ಗೇಟುಗಳಿಗೂ ನಡುವೆ ಸುಮಾರು 90 ಮೀಟರ್ ಅಗಲದ ತೋಟವಿದೆ, ಬಯಲಿನಲ್ಲೇ. ಜಗತ್ತಿನ ಬಹುಪಾಲು ದೊಡ್ಡ ನಿಲ್ದಾಣಗಳಲ್ಲಿ ಒಳಗೆ ಹೊಕ್ಕವರಿಗೆ ಹೊರಗಾಳಿ ಸಿಗುವುದು ಇಳಿದ ಊರಿನಲ್ಲೇ. ದುಬೈಯ ಸೆಕೆಯಲ್ಲಿ, ಹೆಲ್ಸಿಂಕಿಯ ಹಿಮದಲ್ಲಿ ಬಯಲಿನ ತೋಟ ನಡೆಯದ ಮಾತು. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದ ನಮ್ಮ ಪ್ರಸ್ಥಭೂಮಿಯ ಹವೆ ವರ್ಷದ ಬಹುಪಾಲು ದಿನ ಅದಕ್ಕೆ ಒಗ್ಗುತ್ತದೆ. ಈ ಊರಿನ ಹವಾಮಾನವನ್ನು ಕಟ್ಟಡದೊಳಗೆ ಸೇರಿಸಿಕೊಂಡದ್ದೇ ಈ ಟರ್ಮಿನಲ್ಲಿನ ಜಾಣತನ ಎಂದು ನನ್ನ ಎಣಿಕೆ; ಕಂಚು, ಬಿದಿರು ಆಮೇಲಿನ ಮಾತು.

ಹಸಿರು ಮನಸ್ಸಿಗೆ ತಂಪು ಎಂಬುದಕ್ಕೆ ಪುರಾವೆ ಉಂಟೆ? 1984ರಲ್ಲಿ ರೋಜರ್ ಉಲ್ರಿಚ್ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಹೆಸರಾದದ್ದು. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರಲ್ಲಿ, ಕಿಟಕಿಯಾಚೆ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಪ್ರಬಲವಾದ ನೋವಿನ ಔಷಧಿಯನ್ನೂ ಕಡಿಮೆ ತೆಗೆದುಕೊಂಡರು. ಅಧ್ಯಯನ ಚಿಕ್ಕದು, 46 ರೋಗಿಗಳದ್ದು. ಆದರೆ ಆಮೇಲಿನ ಕೆಲಸಗಳು ಬಹುಮಟ್ಟಿಗೆ ಅದೇ ದಿಕ್ಕನ್ನು ತೋರಿಸಿವೆ. ಒಳಾಂಗಣದ ಗಿಡಗಳು ಗಾಳಿಯನ್ನು ಶುದ್ಧ ಮಾಡುತ್ತವೆ ಎಂಬ ಮಾತನ್ನು ಮಾತ್ರ ನಂಬಬೇಡಿ. 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ. ನಿಜವಾದ ಕಟ್ಟಡದಲ್ಲಿ ಗಾಳಿಯಾಟ ಮಾಡುವ ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕಾದೀತು ಎಂದು 2019ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಕೊಟ್ಟರು. ಇನ್ನೊಂದು ಪೇಚೂ ಇದೆ. ವಿಮಾನ ನಿಲ್ದಾಣದಲ್ಲಿ ತೋಟ ಮಾಡುವವರು ಹಣ್ಣು ಬಿಡುವ, ಹಕ್ಕಿ ಕರೆಯುವ ಗಿಡಗಳ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕು. ಎಂಜಿನ್ನಿಗೆ ಸಿಕ್ಕ ಒಂದು ಹದ್ದು ಸಾಕು ವಿಮಾನ ವಾಪಸ್ ಇಳಿಯಲು.

ಕಾಯುವವರ ಮನಸ್ಸನ್ನು ಕುರಿತು 1985ರಲ್ಲಿ ಡೇವಿಡ್ ಮೈಸ್ಟರ್ ಬರೆದ ಪ್ರಬಂಧ ಇಂದಿಗೂ ಈ ವಿಷಯದ ಕೈಪಿಡಿ. ಕೆಲಸವಿಲ್ಲದೆ ಕಾಯುವ ಹೊತ್ತು ಉದ್ದವಾಗಿ ಕಾಣುತ್ತದೆ. ಎಷ್ಟು ಹೊತ್ತೆಂದು ತಿಳಿಯದಿದ್ದರೆ ಇನ್ನೂ ಉದ್ದ, ಏಕೆಂದು ಹೇಳದಿದ್ದರೆ ಮತ್ತೂ ಉದ್ದ. ಡಿಸೆಂಬರ್, ಜನವರಿಯ ಮುಂಜಾನೆ ದೇವನಹಳ್ಳಿಯ ಬಯಲಿಗೆ ಮಂಜು ಕವಿದಾಗ ಇದು ಪರೀಕ್ಷೆಗೆ ಬರುತ್ತದೆ. ತಿಳಿಯಾದ ರಾತ್ರಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ, ಮೇಲಿನ ತೇವದ ಗಾಳಿ ಹನಿಗಟ್ಟುತ್ತದೆ, ರನ್‌ವೇ ಮಾಯವಾಗುತ್ತದೆ. ಬರಬೇಕಾದ ವಿಮಾನ ಚೆನ್ನೈಗೋ ಹೈದರಾಬಾದಿಗೋ ಹೋಗಿ ಇಳಿಯುತ್ತದೆ. ಇತ್ತ ಜನ ಬರುತ್ತಲೇ ಇರುತ್ತಾರೆ, ಹೊರಡುವವರಿಲ್ಲ. ಲಿಟಲ್ ಸೂತ್ರದಂತೆ ಹಾಲು ತುಂಬಿ ತುಳುಕುತ್ತದೆ. ಆಗ ಬೋರ್ಡಿನ ಮೇಲೆ 'ಮಂಜಿನ ಕಾರಣ 7-40' ಎಂದು ಮೂಡಿದರೆ ಜನ ಕಾಫಿಗೆ ಹೋಗುತ್ತಾರೆ. ಬರೀ 'ತಡ' ಎಂದಿದ್ದರೆ ಕೌಂಟರಿನ ಮುಂದೆ ಗುಂಪುಗಟ್ಟುತ್ತಾರೆ.

ಮಂಜು ಕರಗಿ ವಿಮಾನ ಹತ್ತಿದ ಮೇಲೆ, ಕಿಟಕಿ ಸೀಟು ಸಿಕ್ಕಿದ್ದರೆ ಮೊಬೈಲು ಜೇಬಿಗೆ ಹಾಕಿ. ರನ್‌ವೇ 4 ಕಿಲೋಮೀಟರ್ ಉದ್ದ. ಇಷ್ಟೆತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಶೇಕಡ 8-9ರಷ್ಟು ತೆಳು, ರೆಕ್ಕೆಗೆ ಅದೇ ಬಲ ಸಿಗಬೇಕಾದರೆ ವಿಮಾನ ಇನ್ನಷ್ಟು ಓಡಬೇಕು. ನೆಲ ಬಿಟ್ಟ ಕೂಡಲೆ ಒಂದು ಕಡೆ ನಂದಿಬೆಟ್ಟ, ಸುತ್ತಲಿನ ಗುಡ್ಡಗಳಲ್ಲಿ ಕ್ವಾರಿಯ ಬಿಳಿ ಗಾಯ, ಕೆಳಗೆ ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕಟ್ಟಿದ ಕೆರೆಗಳ ಸರಪಳಿ. ಭೂಗೋಳದ ಮೇಷ್ಟ್ರು ಬೋರ್ಡಿನ ಮೇಲೆ ಬರೆದರೆ ಅರ್ಥವಾಗದ್ದು ಐದು ನಿಮಿಷದಲ್ಲಿ ಅರ್ಥವಾಗುತ್ತದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸದೆ ಇದ್ದಿದ್ದರೆ ಈ ನೋಟ ಸಾಮಾನ್ಯರಿಗೆ ದಕ್ಕಲು ಇನ್ನೂ ಎಷ್ಟು ವರ್ಷ ಬೇಕಿತ್ತೋ.

ದಕ್ಷಿಣ ಬೆಂಗಳೂರಿನ ಆ ಹೆಚ್ಚುವರಿ ಗಂಟೆಗೆ ಮದ್ದು ಟರ್ಮಿನಲ್ಲಿನಲ್ಲಿಲ್ಲ, ಹಳಿಯ ಮೇಲಿದೆ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ, ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ 58 ಕಿಲೋಮೀಟರಿನ ಮೆಟ್ರೊ ನೀಲಿ ಮಾರ್ಗಕ್ಕೆ ಕೇಂದ್ರ ಸಂಪುಟ 2021ರ ಏಪ್ರಿಲಿನಲ್ಲಿ ಒಪ್ಪಿಗೆ ಕೊಟ್ಟಿತು. ಮೆಟ್ರೊ ಕಾರಿಗಿಂತ ವೇಗವಾಗಿ ಹೋಗಬೇಕೆಂದೇನಿಲ್ಲ. ದಿನವೂ ಒಂದೇ ಹೊತ್ತು ಹಿಡಿದರೆ ಸಾಕು, ಮನೆ ಬಿಡುವ ಗಳಿಗೆ ತಾನಾಗಿ ಮುಂದಕ್ಕೆ ಹೋಗುತ್ತದೆ.

ಇನ್ನು, ಇದೇ ವಿಜ್ಞಾನ ಕಾಲಿಡದ ಒಂದು ನಿಲ್ದಾಣದ ಮಾತು. ಮಡಿವಾಳದಲ್ಲಿ ಹೊಸೂರು ರಸ್ತೆಯ ಅಂಚಿಗೆ ರಾತ್ರಿ ಎಂಟರ ಮೇಲೆ ಹೋಗಿ ನೋಡಿ. ಕೊಚ್ಚಿ, ಕೊಯಮತ್ತೂರು, ಚೆನ್ನೈಗೆ ಹೋಗುವ ಖಾಸಗಿ ಬಸ್ಸುಗಳಿಗಾಗಿ ಜನ ಸೂಟ್‌ಕೇಸಿನ ಮೇಲೆ ಕೂತು, ಮಗುವನ್ನು ಹೆಗಲಿಗೆ ಹಾಕಿಕೊಂಡು, ಡ್ರೈವರನ ಫೋನಿಗೆ ಕಿವಿಗೊಟ್ಟು ಕಾಯುತ್ತಿರುತ್ತಾರೆ. ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವಾಗ ಬರುತ್ತದೆ, ಮಳೆ ಬಂದರೆ ಎಲ್ಲಿ ನಿಲ್ಲಬೇಕು, ಹೆಂಗಸರು ಶೌಚಕ್ಕೆ ಎಲ್ಲಿ ಹೋಗಬೇಕು, ಯಾವುದಕ್ಕೂ ಉತ್ತರವಿಲ್ಲ. ಇಲ್ಲಿಗೆ ಬಿದಿರು ಬೇಡ, ಜಲಪಾತವೂ ಬೇಡ. ಒಂದು ಮಾಡು, ನಾಲ್ಕು ಬೆಂಚು, ಬಸ್ಸಿನ ಹೊತ್ತು ತೋರಿಸುವ ಒಂದು ಬೋರ್ಡು, ಶುಚಿಯಾದ ಶೌಚಾಲಯ, ಸುತ್ತ ಹತ್ತು ಹೊಂಗೆ ಮರ. ದೇವನಹಳ್ಳಿಯಲ್ಲಿ ಕೋಟಿಗಟ್ಟಲೆ ಸುರಿದು ಕಲಿತ ಪಾಠದ ಇಷ್ಟನ್ನಾದರೂ ನಗರಾಡಳಿತ ಮಡಿವಾಳಕ್ಕೆ ತರಬೇಕು, ತಡಮಾಡದೆ ತರಬೇಕು.