ಇ-ಮೇಲಿನಲ್ಲಿ ಉದುರಿಹೋಗುವ ‘ರೀ’

‘ಕಳಿಸು’ ಎನ್ನುವುದಕ್ಕೂ ‘ಕಳಿಸಿ’ ಎನ್ನುವುದಕ್ಕೂ ಇರುವುದು ಒಂದು ಸ್ವರದ ವ್ಯತ್ಯಾಸ. ‘ಕಳಿಸಿಕೊಡಿ’ ಎಂದರೆ ಇನ್ನೊಂದಿಷ್ಟು ಮೆತ್ತಗೆ. ಅಲ್ಲಿ ಬಂದು ಸೇರಿದ ‘ಕೊಡು’ ಕೆಲಸವನ್ನು ಉಪಕಾರವಾಗಿಸಿಬಿಡುತ್ತದೆ. ‘ಸ್ವಲ್ಪ ಕಳಿಸಿಕೊಡ್ತೀರಾ?’ ಎಂದಾಗ ಅಪ್ಪಣೆ ಹೋಗಿ ಕೋರಿಕೆ ಉಳಿಯುತ್ತದೆ. ನಮ್ಮ ಭಾಷೆಯಲ್ಲಿ ಮರ್ಯಾದೆಯ ಬಹುಪಾಲು ಕ್ರಿಯಾಪದದ ಕೊನೆಯಲ್ಲೇ ಕೂತಿದೆ. ಕಿರಾಣಿ ಅಂಗಡಿಯಲ್ಲಿ ‘ದಯವಿಟ್ಟು ಅರ್ಧ ಕೆಜಿ ತೊಗರಿಬೇಳೆ ಕೊಡಿ’ ಎಂದು ಯಾರೂ ಕೇಳುವುದಿಲ್ಲ. ‘ಕೊಡಿ’ ಎಂದರೆ ಸಾಕು.

ತೊಡಕು ಶುರುವಾಗುವುದು ಹೀಗೆ ಮಾತಾಡಿ ಬೆಳೆದವರು ಕಚೇರಿಯಲ್ಲಿ ಇಂಗ್ಲಿಷ್ ಮೇಲ್ ಬರೆಯಲು ಕುಳಿತಾಗ. ‘ಸೆಂಡ್ ದ ಫೈಲ್ ಬೈ ಫೋರ್’ ಎಂದು ಬರೆದವರ ಮನಸ್ಸಿನಲ್ಲಿ ಇದ್ದದ್ದು ‘ನಾಲ್ಕರೊಳಗೆ ಫೈಲ್ ಕಳಿಸಿ’. ಇಂಗ್ಲಿಷಿನಲ್ಲಿ ಹೀಗೆ ಅಪ್ಪಣೆ ಕೊಡುವ ಕ್ರಿಯಾಪದಕ್ಕೆ ಏಕವಚನ ಬಹುವಚನದ ಭೇದವಿಲ್ಲ; ಓದಿದವರಿಗೆ ಕೇಳಿಸುವುದು ‘ಕಳಿಸು’. ಇದನ್ನು ಅರಿತವರು ಭಯಕ್ಕೆ ಇನ್ನೊಂದು ತುದಿಗೆ ಹೋಗುತ್ತಾರೆ: ಸಾಲಿಗೊಂದು ‘ಕೈಂಡ್ಲಿ’, ಕೊನೆಗೆ ‘ಪ್ಲೀಸ್ ಡು ದ ನೀಡ್‌ಫುಲ್’. ವಿನಯವೇನೋ ಬಂತು, ಮಾಡಬೇಕಾದ್ದು ಏನು ಎಂಬುದೇ ತಿಳಿಯದೆ ಓದಿದವರು ಮತ್ತೊಂದು ಮೇಲ್ ಹಾಕಿ ಕೇಳಬೇಕಾಯಿತು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹುಬ್ಬಳ್ಳಿಯ ಶಾಖೆಯಲ್ಲಿದ್ದ ಹಿರಿಯರೊಬ್ಬರಿಗೆ ತಿಂಗಳ ಲೆಕ್ಕ ಇನ್ನೂ ಬಂದಿಲ್ಲವೆಂದು ಒಂದೇ ಸಾಲಿನ ಮೇಲ್ ಹಾಕಿದ್ದೆ. ಹತ್ತು ನಿಮಿಷಕ್ಕೆ ಫೋನ್ ಬಂತು: ‘ಯಾಕ್ರೀ, ನಮ್ಮ ಮ್ಯಾಲೆ ಸಿಟ್ಟಾಗೀರೇನು?’ ನನಗೆ ಸಿಟ್ಟು ಒಂದಿಷ್ಟೂ ಇರಲಿಲ್ಲ, ಅವಸರವಿತ್ತು. ಆ ಒಂದು ಸಾಲಿನಲ್ಲಿ ಅವಸರವೂ ಸಿಟ್ಟೂ ಒಂದೇ ಥರ ಕಾಣುತ್ತಿದ್ದವು. ಅವರ ಮಾತಿನಲ್ಲಿದ್ದ ‘ರೀ’ಯನ್ನೇ ನೋಡಿ. ಧಾರವಾಡದ ಕಡೆ ಅದು ಮರ್ಯಾದೆಯ ಮೊದಲ ಅಕ್ಷರ. ಬೆಂಗಳೂರಿನಲ್ಲಿ ಗುರುತಿಲ್ಲದವರಿಗೆ ‘ಏನ್ರೀ’ ಅಂದು ನೋಡಿ, ಜಗಳಕ್ಕೆ ಬಂದ ಹಾಗಿರುತ್ತದೆ. ದನಿ ಜೊತೆಗಿದ್ದರೆ ಎರಡೂ ಅರ್ಥವಾಗುತ್ತವೆ. ಮೇಲಿನಲ್ಲಿ ದನಿಯೇ ಇಲ್ಲ.

ದನಿ ಇಲ್ಲದಿರುವುದು ಬರೆಯುವವರ ಗಮನಕ್ಕೇ ಬರುವುದಿಲ್ಲ, ಏಕೆಂದರೆ ಬರೆಯುವಾಗ ಅವರ ತಲೆಯೊಳಗೆ ಅದು ಕೇಳುತ್ತಲೇ ಇರುತ್ತದೆ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ತಮ್ಮ ಮಾತು ವ್ಯಂಗ್ಯವೋ ಗಂಭೀರವೋ ಎಂಬುದು ಮೇಲಿನಲ್ಲಿ ಎಷ್ಟು ಸ್ಪಷ್ಟವಾಗಿ ತಲುಪುತ್ತದೆ ಎಂದು ಬರೆದವರು ನಂಬಿದ್ದರೋ, ಓದಿದವರಿಗೆ ಅದಕ್ಕಿಂತ ಬಹಳ ಕಡಿಮೆ ತಿಳಿದಿತ್ತು. ಕಂಪ್ಯೂಟರಿನಲ್ಲಿ ಬರೆದ ತಮಾಷೆ ತಪ್ಪರ್ಥಕ್ಕೆ ಎಡೆ ಮಾಡುತ್ತಿದೆ ಎಂದೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್ 1982ರಲ್ಲಿ ಎರಡು ಚುಕ್ಕಿ, ಒಂದು ಗೆರೆ, ಒಂದು ಕಂಸ ಸೇರಿಸಿ ನಗುಮುಖ ಸೂಚಿಸಿದ್ದು. ಗೆಳೆಯರ ನಡುವೆ ಅದು ನಡೆಯುತ್ತದೆ. ರಜೆ ನಿರಾಕರಿಸಿದ ಮೇಲಿನ ಕೊನೆಗೆ ನಗುಮುಖ ಇಟ್ಟರೆ ಗಾಯದ ಮೇಲೆ ಉಪ್ಪು.

ಹಾಗಾದರೆ ಉದುರಿದ ‘ರೀ’ಯನ್ನು ಮತ್ತೆ ತರುವುದು ಹೇಗೆ? ನನ್ನ ಅನುಭವದಲ್ಲಿ, ಅಲಂಕಾರದ ಪದಗಳಿಗಿಂತ ಮಾಹಿತಿ ಹೆಚ್ಚು ಮರ್ಯಾದೆ ಕೊಡುತ್ತದೆ. ಯಾಕೆ ಬೇಕು, ಯಾವಾಗ ಬೇಕು, ಆಗದಿದ್ದರೆ ಏನು ಮಾಡಬಹುದು, ಈ ಮೂರನ್ನು ಹೇಳಿ. ‘ಶುಕ್ರವಾರ ಬೆಳಿಗ್ಗೆ ಆಡಿಟರ್ ಬರುತ್ತಿದ್ದಾರೆ. ಜೂನ್ ತಿಂಗಳ ವೋಚರ್‌ಗಳು ಗುರುವಾರ ಸಂಜೆಯೊಳಗೆ ಸಿಕ್ಕರೆ ಜೋಡಿಸಿಡಬಹುದು. ಎಲ್ಲವೂ ಸಿದ್ಧವಿಲ್ಲದಿದ್ದರೆ ಇರುವಷ್ಟನ್ನು ಕಳಿಸಿಕೊಡಿ.’ ಇಲ್ಲಿ ‘ದಯವಿಟ್ಟು’ ಒಂದೂ ಇಲ್ಲ. ಆದರೂ ಓದಿದವರಿಗೆ ತಮ್ಮ ಕಷ್ಟವನ್ನು ಯಾರೋ ಯೋಚಿಸಿದ್ದಾರೆ ಎನಿಸುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗಲೂ ಇದೇ ದಾರಿ. ಬರೆದು ಮುಗಿಸಿದ ಮೇಲೆ ಆ ಮೇಲನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ, ಎದುರು ಕುಳಿತವರ ಮುಖ ನೋಡಿ ಹೇಳಲಾಗುತ್ತದೆಯೇ ಎಂದು ಕೇಳಿಕೊಳ್ಳಿ. ‘ಆ್ಯಸ್ ಪರ್ ಮೈ ಲಾಸ್ಟ್ ಮೇಲ್’ ಎಂಬುದನ್ನು ತಿರುಗಿಸಿದರೆ ‘ಆಗಲೇ ಹೇಳಿದ್ದೆನಲ್ಲ, ಓದಲಿಲ್ಲವೇ?’ ಎಂದಾಗುತ್ತದೆ. ಆಗ ಕೈ ತಾನಾಗಿ ಅಳಿಸುತ್ತದೆ.

ತಪ್ಪು ತೋರಿಸುವಾಗ ‘ನೀವು’ ಎಂದು ಶುರುಮಾಡಬೇಡಿ. ‘ನೀವು ಮೊತ್ತ ತಪ್ಪು ಹಾಕಿದ್ದೀರಿ’ ಎನ್ನುವ ಬದಲು ‘ಮೂರನೇ ಪುಟದ ಮೊತ್ತಕ್ಕೂ ಐದನೇ ಪುಟದ ಮೊತ್ತಕ್ಕೂ ತಾಳೆಯಾಗುತ್ತಿಲ್ಲ, ಯಾವುದನ್ನು ಇಟ್ಟುಕೊಳ್ಳಲಿ?’ ಎನ್ನಿ. ತಪ್ಪು ಕಾಗದದ ಮೇಲೆ ಉಳಿಯುತ್ತದೆ, ಮನುಷ್ಯನ ಮೇಲೆ ಬೀಳುವುದಿಲ್ಲ. ಎಷ್ಟೋ ಸಲ ತಪ್ಪು ನಮ್ಮದೇ ಆಗಿರುತ್ತದೆ.

ಸಂಬೋಧನೆಯ ವಿಷಯದಲ್ಲಿ ಕನ್ನಡ ನಮಗೊಂದು ಅನುಕೂಲ ಮಾಡಿಕೊಟ್ಟಿದೆ. ‘ಡಿಯರ್ ಸರ್’ ಎಂದು ಹೆಣ್ಣುಮಗಳೊಬ್ಬರಿಗೆ ಬರೆಯುವ ಮುಜುಗರ ‘ಮಾನ್ಯರೇ’ ಎಂಬಲ್ಲಿ ಇಲ್ಲ; ಗಂಡು ಹೆಣ್ಣು ಇಬ್ಬರಿಗೂ ಅದು ಸಲ್ಲುತ್ತದೆ. ಕಿರಿಯರಿಗೆ, ಕಚೇರಿಯ ಸಹಾಯಕರಿಗೆ ಬಾಯಲ್ಲಿ ‘ನೀನು’ ಅನ್ನುವ ಸಲುಗೆ ಇದ್ದರೂ ಬರವಣಿಗೆಯಲ್ಲಿ ‘ನೀವು’ ಇರಲಿ. ಮೇಲ್ ಯಾರಿಂದ ಯಾರಿಗೆ ಫಾರ್ವರ್ಡ್ ಆಗುತ್ತದೋ ಗೊತ್ತಿಲ್ಲ, ಸಲುಗೆಯನ್ನು ಅರಿಯದವರು ಅದನ್ನು ತಾತ್ಸಾರವೆಂದೇ ಓದುತ್ತಾರೆ.

ಮನಸ್ಸು ಹೆಚ್ಚು ನೋಯುವುದು ಸಿಸಿಯಿಂದ. ಟೈಪ್‌ರೈಟರ್ ಕಾಲದಲ್ಲಿ ಹಾಳೆಗಳ ನಡುವೆ ಇಂಗಾಲದ ಕಾಗದ ಇಟ್ಟು ತೆಗೆಯುತ್ತಿದ್ದ ಕಾರ್ಬನ್ ಕಾಪಿಯೇ ಈ ಸಿಸಿ. ಆಗ ನಕಲು ತೆಗೆಯಲು ಶ್ರಮವಿತ್ತು, ಈಗ ಒಂದು ಕ್ಲಿಕ್ ಸಾಕು. ಸಣ್ಣ ವಿಳಂಬಕ್ಕೆ ಮ್ಯಾನೇಜರನ್ನು ಸಿಸಿಗೆ ಸೇರಿಸುವುದು ಮನೆಯ ಮಾತನ್ನು ಪಂಚಾಯಿತಿ ಕಟ್ಟೆಗೆ ಒಯ್ದಂತೆ. ಮೊದಲ ಮೇಲ್ ಸಂಬಂಧಪಟ್ಟವರಿಗೆ ಮಾತ್ರ ಹೋಗಲಿ. ಉತ್ತರ ಬಾರದಿದ್ದರೆ ಫೋನ್ ಮಾಡಿ. ಆಗಲೂ ಆಗದಿದ್ದರೆ, ‘ಸಾಹೇಬರ ಗಮನಕ್ಕೆ ತರಬೇಕಾಗುತ್ತದೆ’ ಎಂದು ಅವರಿಗೇ ತಿಳಿಸಿ ಆಮೇಲೆ ಸೇರಿಸಿ. ಬಿಸಿಸಿಯಲ್ಲಿ ಗುಟ್ಟಾಗಿ ಸೇರಿಸುವುದಂತೂ ಬೇಡ. ಹಾಗೆ ಸೇರಿಸಲ್ಪಟ್ಟವರು ಮರೆತು ಎಲ್ಲರಿಗೂ ಉತ್ತರಿಸಿದರೆ ವಿಶ್ವಾಸ ಅಲ್ಲಿಗೆ ಮುಗಿಯಿತು.

ಸಿಟ್ಟು ಬಂದಾಗ? ಅಂತರ್ಜಾಲದ ನಡವಳಿಕೆ ಕುರಿತು 1995ರಲ್ಲಿ ಬಂದ ಆರ್‌ಎಫ್‌ಸಿ 1855 ಎಂಬ ದಾಖಲೆ ಭಾವಾವೇಶದ ಉತ್ತರಗಳನ್ನು ಒಂದು ರಾತ್ರಿ ತಡೆಹಿಡಿಯಿರಿ ಎನ್ನುತ್ತದೆ. ಇಂಗ್ಲಿಷಿನಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದರೆ ಕೂಗಿದಂತೆ ಎಂದೂ ಅದರಲ್ಲೇ ಇದೆ. ಈ ಸಲಹೆ ಇಂದಿಗೂ ಹಳೆಯದಾಗಿಲ್ಲ. ಕೋಪದ ಮೇಲ್ ಬರೆಯಲೇಬೇಕೆನಿಸಿದರೆ ಸ್ವೀಕರಿಸುವವರ ವಿಳಾಸದ ಜಾಗ ಖಾಲಿ ಇಟ್ಟು ಬರೆಯಿರಿ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ, ಕಳಿಸಿದ ಮೇಲನ್ನು ರದ್ದು ಮಾಡುವ ಅವಧಿಯನ್ನು 30 ಸೆಕೆಂಡಿಗೆ ಏರಿಸಿಕೊಳ್ಳಬಹುದು. ಅರ್ಧ ನಿಮಿಷಕ್ಕೆ ಸಿಟ್ಟು ಇಳಿಯುವುದಿಲ್ಲ ನಿಜ, ಆದರೆ ತಪ್ಪು ವಿಳಾಸವಾದರೂ ಕಣ್ಣಿಗೆ ಬೀಳುತ್ತದೆ.

ಇನ್ನು ಉತ್ತರ ಕೊಡದಿರುವುದು. ಬಿರುಸಿನ ಮಾತಿಗಿಂತ ಮೌನ ಹೆಚ್ಚು ಚುಚ್ಚುತ್ತದೆ. ಅದರಲ್ಲೂ ಕೆಳಗಿನವರು ಮೇಲಿನವರಿಗೆ ಬರೆದು ಕಾಯುತ್ತಿರುವಾಗ, ತಮ್ಮ ಮೇಲ್ ತಲುಪಿತೋ, ಹಾಗೆ ಬರೆದದ್ದೇ ತಪ್ಪಾಯಿತೋ ಎಂದು ದಿನವೆಲ್ಲ ಕೊರಗುತ್ತಾರೆ. ಪೂರ್ಣ ಉತ್ತರಕ್ಕೆ ಬಿಡುವಿಲ್ಲದಿದ್ದರೆ ಒಂದು ಸಾಲು ಸಾಕು: ‘ನಿಮ್ಮ ಮೇಲ್ ಓದಿದೆ, ಬುಧವಾರ ಮಧ್ಯಾಹ್ನದ ಹೊತ್ತಿಗೆ ಉತ್ತರಿಸುತ್ತೇನೆ.’ ಬುಧವಾರಕ್ಕೂ ಆಗದಿದ್ದರೆ ಬುಧವಾರ ಬೆಳಿಗ್ಗೆಯೇ ಇನ್ನೊಂದು ಸಾಲು.