ಎಲೆಯ ಹಿಂದಿನ ಕಂದು ಪುಡಿ

ಮಳೆಗಾಲದಲ್ಲಿ ಮನೆಯ ಬಾವಿಗೆ ಒಮ್ಮೆ ಬಗ್ಗಿ ನೋಡಿ. ಮುರಕಲ್ಲಿನ ಸಂದಿನಲ್ಲಿ ಹಸಿರು ಎಲೆಗಳು ತೂಗಾಡುತ್ತವೆ. ಕೂದಲಿನ ಹಾಗೆ ಸಪೂರದ ಕಪ್ಪು ಕಡ್ಡಿ. ಅದರ ಎರಡೂ ಬದಿಗೆ ಪುಟ್ಟ ಪುಟ್ಟ ಎಲೆ. ಯಾರೂ ನೆಟ್ಟದ್ದಲ್ಲ. ಯಾರೂ ಗೊಬ್ಬರ ಹಾಕಿದ್ದಲ್ಲ. ಇದೇ ಜರಿಗಿಡ. ಸೀರೆಯ ಜರಿ ಬೇರೆ, ಇದು ಬೇರೆ. ಆದರೆ ಅಂದದಲ್ಲಿ ಇದೇನೂ ಕಡಿಮೆಯಲ್ಲ.

ಜರಿಗಿಡದಲ್ಲಿ ತುಂಬಾ ಜಾತಿ ಉಂಟು. ಮಾರ್ಗದ ಬದಿಯ ಬರೆಯಲ್ಲಿ ಒಂದು ಜಾತಿ ಬೆಳೆಯುತ್ತದೆ. ಅದರ ಎಲೆಯ ಅಡಿ ಸುಣ್ಣ ಬಳಿದ ಹಾಗೆ ಬಿಳಿ. ಮಕ್ಕಳು ಅದನ್ನು ಕೈಗೆ ಒತ್ತಿ ಬಿಳಿ ಚಿತ್ತಾರ ಮಾಡಿಕೊಳ್ಳುತ್ತಾರೆ. ನೀವೂ ಮಾಡಿರಬಹುದು. ಈ ಗಿಡ ಮೂಲದಲ್ಲಿ ನಮ್ಮ ಊರಿನದಲ್ಲ. ದೂರದ ಅಮೆರಿಕ ಖಂಡದ ಸೆಕೆ ನಾಡಿನದು. ಈಗ ನಮ್ಮ ಬರೆಯಲ್ಲಿ ಮನೆಮಗಳ ಹಾಗೆ ಉಂಟು.

ಮಡಂತ್ಯಾರಿನಿಂದ ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿದರೆ ಜರಿಗಿಡದ ದೊಡ್ಡ ಸಂಸಾರವೇ ಕಾಣುತ್ತದೆ. ನೀರು ಹರಿಯುವಲ್ಲೆಲ್ಲ ಅದೇ. ಚಂದ ಕಂಡಿತೆಂದು ಕೆಲವರು ವಾಹನ ನಿಲ್ಲಿಸಿ ಬುಡ ಸಮೇತ ಕೀಳುತ್ತಾರೆ. ಮನೆಗೆ ತಂದು ಚಟ್ಟಿಯಲ್ಲಿ ನೆಡುತ್ತಾರೆ. ಮಳೆ ಇರುವಷ್ಟು ದಿನ ಗಿಡ ಇರುತ್ತದೆ. ಮಾರ್ಚ್ ಬಂದಾಗ ಒಣಗಿ ಹೋಗ್ತದೆ. ಘಾಟಿಯಲ್ಲಿ ತಂಪು, ಮಂಜು. ನಮ್ಮ ಅಂಗಳದಲ್ಲಿ ಕಾದ ನೆಲ. ಬೇರು ಹರಿದು ಬಂದ ಗಿಡ ಅದನ್ನು ಹೇಗೆ ತಡೆದೀತು? ಇಲ್ಲೂ ಉಳಿಯಲಿಲ್ಲ, ಅಲ್ಲೂ ಉಳಿಯಲಿಲ್ಲ.

ಕುದುರೆಮುಖ ರಾಷ್ಟ್ರೀಯ ಉದ್ಯಾನ ಆದದ್ದು 1987ರಲ್ಲಿ. ಅಂಥ ಕಾಡಿನಿಂದ ಗಿಡ ಕಿತ್ತು ತರುವುದು ಕಾನೂನಿಗೂ ವಿರುದ್ಧ. ಘಟ್ಟದ ತೊರೆಗಳ ಬದಿಯಲ್ಲಿ ಮರದಷ್ಟು ಎತ್ತರದ ಮರಜರಿ ಎಂಬ ಜಾತಿಯೂ ಇದೆ. ಅದರ ಕಾಂಡದ ನಾರಿನ ಮೇಲೆ ಆರ್ಕಿಡ್ ಹೂವಿನ ಗಿಡ ಚೆನ್ನಾಗಿ ಬೆಳೆಯುತ್ತದೆ. ಆ ಆಸೆಗೆ ಮರಜರಿಯನ್ನು ಕಡಿದರು. ಈಗ ದೇಶ ದೇಶಗಳ ನಡುವೆ ಅದರ ವ್ಯಾಪಾರಕ್ಕೆ ಕಡಿವಾಣ ಇದೆ.

ಹಾಗಾದರೆ ನಮಗೆ ಜರಿಗಿಡ ಬೇಕಾದರೆ? ಗಿಡ ಕೀಳುವುದು ಬೇಡ. ಒಂದು ಎಲೆ ಸಾಕು.

ಜರಿಗಿಡ ಹೂ ಬಿಡುವುದಿಲ್ಲ. ಕಾಯಿ ಇಲ್ಲ, ಬೀಜವೂ ಇಲ್ಲ. ಮತ್ತೆ ಬಾವಿಯೊಳಗೆ ಹುಟ್ಟಿದ್ದು ಹೇಗೆ? ಹಿಂದೆ ಯುರೋಪಿನ ಜನಕ್ಕೂ ಇದೇ ಪ್ರಶ್ನೆ. ಇದರ ಬೀಜ ಕಣ್ಣಿಗೆ ಕಾಣುವುದಿಲ್ಲ, ಅದು ಸಿಕ್ಕಿದವರೂ ಮಾಯವಾಗುತ್ತಾರೆ ಎಂದು ಅವರು ನಂಬಿದ್ದರು. ನಂಬಿಕೆ ಎಲ್ಲಾ ಕಡೆಯೂ ಉಂಟಲ್ಲ! ಜಮೈಕಾ ಎಂಬ ದ್ವೀಪದಲ್ಲಿ ಜಾನ್ ಲಿಂಡ್ಸೆ ಎಂಬ ವೈದ್ಯರಿದ್ದರು. ಅಲ್ಲಿಯೂ ನಮ್ಮ ಹಾಗೆಯೇ ಸೆಕೆ, ಮಳೆ. ಅವರು ಎಲೆಯ ಹಿಂದಿನ ಪುಡಿಯನ್ನು ಮಣ್ಣಿಗೆ ಉದುರಿಸಿದರು. ಸೂಕ್ಷ್ಮದರ್ಶಕದಲ್ಲಿ ದಿನ ದಿನ ನೋಡಿದರು. ಪುಡಿಯಿಂದಲೇ ಗಿಡ ಹುಟ್ಟುತ್ತದೆ ಎಂದು 1794ರಲ್ಲಿ ಬರೆದು ಪ್ರಕಟಿಸಿದರು.

ಆ ಪುಡಿಯನ್ನು ನೀವೂ ನೋಡಬಹುದು. ಬಲಿತ ಎಲೆಯೊಂದನ್ನು ಮಗುಚಿ ಹಾಕಿ. ಹಿಂದೆ ಸಾಲಾಗಿ ಕಂದು ಚುಕ್ಕಿಗಳಿರುತ್ತವೆ. ಕೆಲವು ಜಾತಿಯಲ್ಲಿ ಚುಕ್ಕಿ ಅಲ್ಲ, ಎಲೆಯ ಅಂಚಿಗೆ ಮಡಚಿ ಹೊಲಿದ ಹಾಗೆ ಗೆರೆ. ಒಂದೊಂದು ಚುಕ್ಕಿಯಲ್ಲಿ ಸಣ್ಣ ಸಣ್ಣ ಚೀಲಗಳು. ಸಾಮಾನ್ಯವಾಗಿ ಒಂದು ಚೀಲದಲ್ಲಿ 64 ಕಣಗಳು. ಇವಕ್ಕೆ ಬೀಜಕಣ ಎಂದು ಹೆಸರು. ಒಂದು ದೊಡ್ಡ ಎಲೆಯಲ್ಲಿ ಲಕ್ಷಗಟ್ಟಲೆ ಬೀಜಕಣ ಇರುತ್ತದೆ. ಬಲಿತಾಗ ಚೀಲ ಒಡೆದು ಕಣ ಗಾಳಿಗೆ ಹಾರುತ್ತದೆ. ಒದ್ದೆ ಕಲ್ಲು ಸಿಕ್ಕಿದಲ್ಲಿ ಕೂರುತ್ತದೆ. ಬಾವಿಗೆ ಬಂದದ್ದು ಹೀಗೆ.

ಈ ಚುಕ್ಕಿ ಕಂಡು ಎಷ್ಟೋ ಜನ ಹೆದರುತ್ತಾರೆ. ಗಿಡಕ್ಕೆ ರೋಗ ಬಂತೆಂದು ಎಲೆ ಕಿತ್ತು ಎಸೆಯುತ್ತಾರೆ, ಮದ್ದು ಬಿಡುತ್ತಾರೆ. ಚುಕ್ಕಿ ಸಾಲಾಗಿ, ಒಂದೇ ಅಳತೆಯಲ್ಲಿ, ಎಲೆಯ ಹಿಂದೆ ಮಾತ್ರ ಇದ್ದರೆ ಅದು ರೋಗವಲ್ಲ. ಕಡ್ಡಿಯ ಮೇಲೂ ಅಲ್ಲೊಂದು ಇಲ್ಲೊಂದು ಅಂಟಿಕೊಂಡು, ಮುಟ್ಟಿದರೆ ಅಂಟಂಟು ಇದ್ದರೆ ಅದು ಚಿಪ್ಪಿನಂಥ ಹುಳು. ಅದನ್ನು ಒದ್ದೆ ಬಟ್ಟೆಯಿಂದ ಒರಸಿ ತೆಗೆಯಿರಿ.

ಇನ್ನು ಕೆಲಸ. ಮಳೆ ಕಡಿಮೆಯಾಗುತ್ತ ಬರುವಾಗ ಎಲೆ ಹುಡುಕಿ. ಚುಕ್ಕಿ ಹಸಿರಾಗಿದ್ದರೆ ಬಲಿತಿಲ್ಲ. ತುಕ್ಕಿನ ಹಾಗೆ ಉದುರುದುರಾಗಿದ್ದರೆ ಕಣ ಹಾರಿ ಹೋಗಿದೆ. ಗಟ್ಟಿಯಾಗಿ ಹೊಳೆಯುವ ಕಂದು ಬಣ್ಣ ಬಂದಿರಬೇಕು. ಬೀಡಿ ಎಲೆ ಕತ್ತರಿಸುವ ಕತ್ತರಿಯಿಂದ ಒಂದು ತುಂಡು ಕತ್ತರಿಸಿ. ಚುಕ್ಕಿ ಅಡಿಗೆ ಬರುವ ಹಾಗೆ ಬಿಳಿ ಕಾಗದದ ಮೇಲಿಡಿ. ಕಾಗದ ಮಡಚಿ ಗಾಳಿ ಬಾರದ ಒಣ ಜಾಗದಲ್ಲಿಡಿ. ಎರಡು ದಿನ ಬಿಟ್ಟು ತೆರೆದರೆ ಕಾಗದದ ಮೇಲೆ ಪುಡಿ ಬಿದ್ದಿರುತ್ತದೆ. ಕಾಗದವನ್ನು ಸ್ವಲ್ಪ ಓರೆ ಮಾಡಿ ಬೆರಳಿನಿಂದ ತಟ್ಟಿ. ಒರಟಾದ ಹೊಟ್ಟು ಮೊದಲು ಜಾರುತ್ತದೆ. ನುಣ್ಣಗೆ ಅಂಟಿ ಉಳಿಯುವುದೇ ಬೀಜಕಣ. ಗೆರಸೆಯಲ್ಲಿ ಅಕ್ಕಿ ಕೇರಿದವರಿಗೆ ಇದನ್ನು ಕಲಿಸಬೇಕಾಗಿಲ್ಲ.

ಕಾಗದದ ಮೇಲೆ ಗಿಡ ಸಿಕ್ಕಿದ ಜಾಗ ಮತ್ತು ತಾರೀಕು ಬರೆಯಿರಿ. ‘ಬಾವಿಯ ಕಪ್ಪು ಕಡ್ಡಿ, ಅಕ್ಟೋಬರ್ 10’ ಎಂದಿಷ್ಟೇ ಸಾಕು. ನಾಲ್ಕು ಬಾಟ್ಲಿ ಸಾಲಾಗಿ ಇಟ್ಟ ಮೇಲೆ ಯಾವುದರಲ್ಲಿ ಯಾವುದು ಎಂದು ನೆನಪು ಉಳಿಯುವುದಿಲ್ಲ. ಎಲ್ಲದರಲ್ಲೂ ಕಾಣುವುದು ಒಂದೇ ಹಸಿರು.

ಮುಷ್ಟಿಗಾತ್ರದ ಮುರಕಲ್ಲಿನ ತುಂಡು ತೆಗೆದುಕೊಳ್ಳಿ. ಹಂಚಿನ ತುಂಡು, ಇಟ್ಟಿಗೆ ತುಂಡು ಕೂಡ ಆಗುತ್ತದೆ. ಅದನ್ನು ಅರ್ಧ ಗಂಟೆ ನೀರಿನಲ್ಲಿ ಕುದಿಸಿ. ಕುದಿಸುವುದು ಏಕೆ ಗೊತ್ತಾ? ಕಲ್ಲಿನಲ್ಲಿ ಪಾಚಿ, ಬೂಸ್ಟು ಮೊದಲೇ ಕೂತಿರುತ್ತದೆ. ಅದು ನಮ್ಮ ಬೀಜಕಣಕ್ಕಿಂತ ಬೇಗ ಬೆಳೆದು ಎಲ್ಲವನ್ನೂ ಮುಚ್ಚಿ ಬಿಡುತ್ತದೆ. ಈ ಕೆಲಸ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಕೈ ತೊಳೆಯದೆ ಮುಟ್ಟಬೇಡಿ. ಕಲ್ಲು ತಣಿದ ಮೇಲೆ ತಟ್ಟೆಯಲ್ಲಿಟ್ಟು ಕುದಿಸಿ ಆರಿಸಿದ ನೀರು ಒಂದು ಬೆರಳಷ್ಟು ಹಾಕಿ. ಕಲ್ಲೇ ನೀರು ಹೀರಿ ಒದ್ದೆಯಾಗಿರುತ್ತದೆ. ಅದರ ಮೇಲೆ ಪುಡಿಯನ್ನು ತೆಳ್ಳಗೆ ಉದುರಿಸಿ. ರಂಗೋಲಿ ಗೆರೆಯ ಹಾಗೆ ದಪ್ಪ ಬೇಡ. ಮೇಲೆ ಅಗಲ ಬಾಯಿಯ ಗಾಜಿನ ಬಾಟ್ಲಿ ಕವುಚಿ ಹಾಕಿ. ಬೆಳಕು ಇರುವ, ಬಿಸಿಲು ಬೀಳದ ಜಗಲಿಯಲ್ಲಿಡಿ. ಬಿಸಿಲು ಬಿದ್ದರೆ ಬಾಟ್ಲಿಯೊಳಗೆ ಬೆಂದು ಹೋಗ್ತದೆ.

ಬಾಟ್ಲಿ ಮುಚ್ಚಿದರೆ ಉಸಿರು ಕಟ್ಟುವುದಿಲ್ಲವೇ ಎಂದು ಕೇಳಬಹುದು. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಡನೆ ಬಾಟ್ಲಿಯಲ್ಲಿಟ್ಟು ಮುಚ್ಚಿದ್ದರು. ಪತಂಗ ಬರುವುದನ್ನು ಕಾದರೆ, ಮಣ್ಣಿನಲ್ಲಿ ಜರಿಗಿಡ ಮೊಳೆಯಿತು! ಒಳಗಿನ ನೀರು ಆವಿಯಾಗಿ, ಗಾಜಿಗೆ ತಾಗಿ, ಹನಿಯಾಗಿ ಮತ್ತೆ ಮಣ್ಣಿಗೆ ಇಳಿಯುತ್ತಿತ್ತು. ಅದನ್ನು ಕಂಡು ಅವರು ಗಾಜಿನ ಪೆಟ್ಟಿಗೆ ಮಾಡಿದರು. 1850ರ ಹೊತ್ತಿಗೆ ಚೀನಾದಿಂದ ಚಹಾ ಸಸಿಗಳು ಹಡಗಿನಲ್ಲಿ ನಮ್ಮ ದೇಶಕ್ಕೆ ಬಂದದ್ದು ಅಂಥ ಪೆಟ್ಟಿಗೆಯಲ್ಲಿ.

ಎರಡು ವಾರದಿಂದ ಆರು ವಾರದೊಳಗೆ ಕಲ್ಲಿನ ಮೇಲೆ ಹಸಿರು ಛಾಯೆ ಬರುತ್ತದೆ. ಆಮೇಲೆ ಚಪ್ಪಟೆಯಾದ ಹಸಿರು ಚೂರುಗಳು ಕಾಣುತ್ತವೆ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ವೀಳ್ಯದೆಲೆಯ ಆಕಾರ. ಇದು ಜರಿಗಿಡವಲ್ಲ ಎಂದು ಒರಸಿ ತೆಗೆಯಬೇಡಿ! ಇದು ಜರಿಗಿಡದ ಇನ್ನೊಂದು ಜನ್ಮ. ಗಂಡು ಹೆಣ್ಣು ಕೂಡುವುದು ಈ ಚೂರಿನಲ್ಲಿಯೇ. ಅದರ ಅಡಿಯಲ್ಲಿ ಗಂಡು ಕಣ ಹೆಣ್ಣು ಕಣದ ಹತ್ತಿರ ನೀರಿನಲ್ಲಿ ಈಜಿಕೊಂಡು ಹೋಗಬೇಕು. ನೀರಿನ ಪಸೆ ಇಲ್ಲದಿದ್ದರೆ ಮುಂದೆ ಏನೂ ಆಗುವುದಿಲ್ಲ. ಆದ್ದರಿಂದ ಈ ಹೊತ್ತಿನಲ್ಲಿ ವಾರಕ್ಕೆ ಒಂದೆರಡು ಸಲ ಕುದಿಸಿ ಆರಿಸಿದ ನೀರನ್ನು ಮಂಜಿನ ಹಾಗೆ ಚಿಮುಕಿಸಿ. ಮತ್ತೆ ಬಾಟ್ಲಿ ಮುಚ್ಚಿ.

ಕಾಯಬೇಕು. ಮೂರು ತಿಂಗಳು, ಕೆಲವು ಜಾತಿಗೆ ಆರು ತಿಂಗಳು. ಒಂದು ದಿನ ಆ ಚೂರಿನಿಂದ ಕೂದಲೆಳೆಯಂಥ ಕಡ್ಡಿ ಏಳುತ್ತದೆ. ಅದರ ತುದಿಯಲ್ಲಿ ಮೊದಲ ಎಲೆ. ಮೂರು ನಾಲ್ಕು ಎಲೆ ಬಂದ ಮೇಲೆ ಸಣ್ಣ ಗುಂಪುಗಳಾಗಿ ಎಬ್ಬಿಸಿ ಗೆರಟೆಯಲ್ಲಿ ನೆಡಿ. ಗೆರಟೆಯ ಅಡಿಗೆ ತೂತು ಬೇಕು. ಕೊಳೆತ ಎಲೆಯ ಗೊಬ್ಬರ, ಹೊಯಿಗೆ, ತೆಂಗಿನ ನಾರಿನ ಪುಡಿ ಸಮ ಸಮ ಹಾಕಿ. ಹಸಿ ಹಟ್ಟಿಗೊಬ್ಬರ ಹಾಕಬೇಡಿ, ಎಳೆ ಬೇರು ಸುಡುತ್ತದೆ. ಬಾಟ್ಲಿಯನ್ನು ಒಮ್ಮೆಲೇ ತೆಗೆಯುವುದೂ ಸರಿಯಲ್ಲ. ಮೊದಲ ದಿನ ಒಂದು ಗಂಟೆ, ಮರುದಿನ ಎರಡು ಗಂಟೆ, ಹೀಗೆ ಹೊರಗಿನ ಗಾಳಿ ಅಭ್ಯಾಸ ಮಾಡಿಸಿ.

ನರ್ಸರಿಯ ಕೆಲವು ತಳಿಗಳ ಪುಡಿಯಿಂದ ಗಿಡ ಬರುವುದಿಲ್ಲ. ಅವು ಬಳ್ಳಿ ಹರಿದು ಮರಿ ಹಾಕುತ್ತವೆ. ಆ ಮರಿ ಬೇರ್ಪಡಿಸಿ ನೆಟ್ಟರೆ ಆಯಿತು. ಇನ್ನೊಂದು ಮಾತು. ಕೊಡಗಿನಲ್ಲಿ ಒಂದು ಜಾತಿ ಜರಿಯ ಎಳೆ ಕುಡಿಯನ್ನು ತೆರ್ಮೆ ಎಂದು ಪಲ್ಯ ಮಾಡುತ್ತಾರೆ. ಹಾಗೆಂದು ಕಂಡ ಕಂಡ ಜರಿಯನ್ನು ತಿನ್ನಬಾರದು. ವಿಷದ ಜಾತಿಯೂ ಉಂಟು.

ಅಡಿಕೆ ಮರದ ನೆರಳು ಜರಿಗಿಡಕ್ಕೆ ಒಳ್ಳೆಯದು. ಆದರೆ ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೊ ದ್ರಾವಣ ಬಿಡುವ ದಿನ ಗೆರಟೆಗಳನ್ನು ಒಳಗೆ ತನ್ನಿ. ಅದರಲ್ಲಿರುವ ಮೈಲುತುತ್ತು ಎಳೆ ಸಸಿಗೆ ಆಗುವುದಿಲ್ಲ. ಮಾರ್ಚಿನಿಂದ ಮಳೆ ಬರುವ ತನಕ ಗೆರಟೆಗಳನ್ನು ಬಚ್ಚಲಿನ ಬದಿಯ ತಂಪಿನಲ್ಲಿ ಹತ್ತಿರ ಹತ್ತಿರ ಇಡಿ. ಸಾಬೂನಿನ ನೀರು ತಾಗದಿರಲಿ. ಸುತ್ತ ಒದ್ದೆ ಗೋಣಿ ಹಾಸಿ. ಮಣ್ಣು ಒಣಗಲು ಬಿಡಬೇಡಿ, ನೀರು ನಿಲ್ಲಲೂ ಬಿಡಬೇಡಿ. ಎಲೆ ಒಣಗಿದರೂ ಬುಡ ಎಸೆಯಬೇಡಿ. ಬಾವಿಯ ಕಪ್ಪು ಕಡ್ಡಿಯ ಜಾತಿಗಳಲ್ಲಿ ಕೆಲವು ಬೇಸಗೆಯಲ್ಲಿ ಒಣಗಿ, ಮೊದಲ ಮಳೆಗೆ ಬುಡದಿಂದ ಮತ್ತೆ ಚಿಗುರುತ್ತವೆ.